ಹೃದಯ ಬಲಗಡೆ ಯಾಕೆ ಹೋಯ್ತು? ಒಂದು ಕೆರೆ ಜೀವಿಯ ಕಥೆ

1/10

ಫ್ರೆಂಡ್ಸ್, ಈ ಸಲದ ಸೀರೀಸ್ ಸ್ವಲ್ಪ ಉದ್ದ. ಹೋದ ಸಲ ಟೈಪ್‌ರೈಟರ್ ಕಥೆ ಹಾಕಿದಾಗ "ಬೇಗ ಮುಗಿಸ್ಬಿಟ್ಟೆ" ಅಂತ ಬೈದವರು ನೀವೇ. ಹಂಗಾಗಿ ತಪ್ಪು ನಂದಲ್ಲ. ಚಾ ಇಟ್ಕೊಂಡು ಕೂತ್ಕೊಳಿ.

ನಮ್ಮ ಅತ್ತೆ ಮಗ ಒಬ್ಬ ಇದಾನೆ, ಈಗ ಆರನೇ ಕ್ಲಾಸು. ಹುಟ್ಟಿದಾಗಿಂದ ಅವನ ಮೂಗು ಸೋರೋದು ನಿಂತಿಲ್ಲ, ಕೆಮ್ಮು ಬಿಟ್ಟಿಲ್ಲ. ಮನೇಲಿ ಎಲ್ಲರೂ ಅವನಿಗೇ ಬೈತಿದ್ವಿ. ಐಸ್‌ಕ್ರೀಂ ತಿಂತೀಯ, ಮಳೇಲಿ ನೆನೀತೀಯ, ರಾತ್ರಿ ಮೊಸರು ಬೇಡ ಅಂದ್ರೆ ಕೇಳಲ್ಲ. ನಾನೂ ಬೈದಿದೀನಿ, ಸುಳ್ಳು ಹೇಳಲ್ಲ. ಹೋದ ವರ್ಷ ಜ್ವರ ಬಂದು ಎದೆಯ ಎಕ್ಸ್‌ರೇ ತೆಗೆಸಿದಾಗ, ತೆಗೆದವರು ಫಿಲ್ಮ್ ನೋಡಿ "ಉಲ್ಟಾ ಬಂದಿದೆ, ಇನ್ನೊಂದ್ಸಲ ತೆಗೀತೀನಿ" ಅಂದ್ರು. ಇನ್ನೊಂದ್ಸಲ ತೆಗೆದ್ರೂ ಅದೇ. ಡಾಕ್ಟರ್ ಬಂದು ಸ್ಟೆತಸ್ಕೋಪನ್ನ ಅವನ ಎದೆಯ ಬಲಗಡೆ ಇಟ್ಟರು. ಹೃದಯ ಅಲ್ಲಿತ್ತು!

ಆಮೇಲೆ ದೊಡ್ಡ ಊರಿಗೆ ಕರ್ಕೊಂಡು ಹೋಗಿ, ಮೂಗಿನೊಳಗಿಂದ ಸಣ್ಣ ಬ್ರಷ್‌ನಲ್ಲಿ ಒಂದಿಷ್ಟು ಜೀವಕೋಶ ತೆಗೆಸಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಕಳಿಸಿದರು. ರಿಪೋರ್ಟ್ ಜೊತೆ ಒಂದು ಬೂದು ಬಣ್ಣದ ಫೋಟೋ ಬಂತು. ಒಂದು ದುಂಡು, ಅದರೊಳಗೆ ಸುತ್ತಲೂ ಒಂಬತ್ತು ಜೋಡಿ ಉಂಗುರ, ಮಧ್ಯದಲ್ಲಿ ಎರಡು. ಕೆಳಗೆ ಒಂದು ಸಾಲು: ಡೈನೀನ್ ಕೈಗಳು ಇಲ್ಲ.

ಅತ್ತೆ ನನ್ನ ಕಡೆ ನೋಡಿ, "ನೀನು ಓದ್ದೋನಲ್ವೇನಪ್ಪಾ, ಏನ್ ಹಂಗಂದ್ರೆ?" ಅಂದ್ರು. ನಾನು ಓದೋದು ಬಿಕಾಂ. ನನಗೆ ಗೊತ್ತಿದ್ದದ್ದು ಕುರ್ಚಿ ಕೈ ಮಾತ್ರ.

ಎರಡು ತಿಂಗಳು ಹುಡುಕಿ ಓದಿದ್ದನ್ನ ಇಲ್ಲಿ ಬರೀತಿದೀನಿ. ಮೊದಲ ಸ್ಲೈಡಿನ ಚಿತ್ರ ನಾನೇ ಬಿಡಿಸಿದ್ದು, ಲೆಡ್ಜರ್ ಹಾಳೆ ಮೇಲೆ, ದೊಡ್ಡ ದುಂಡಿಗೆ ಅಮ್ಮನ ಬಳೆ, ಸಣ್ಣವಕ್ಕೆ ಶರ್ಟ್ ಗುಂಡಿ ಇಟ್ಟು.

2/10

ಕಥೆ ಶುರುವಾಗೋದು ಆಸ್ಪತ್ರೇಲಿ ಅಲ್ಲ, ಒಂದು ಜವಳಿ ಅಂಗಡೀಲಿ.

ಹಾಲೆಂಡಿನ ಡೆಲ್ಫ್ಟ್ ಊರಲ್ಲಿ ಆಂಟೊನಿ ವಾನ್ ಲೇವೆನ್‌ಹುಕ್ ಅಂತ ಬಟ್ಟೆ ವ್ಯಾಪಾರಿ ಇದ್ದ (1632-1723). ಆ ಕಾಲದ ಬಟ್ಟೆ ವ್ಯಾಪಾರಿಗಳು ನೇಯ್ಗೆಯ ಎಳೆ ಎಣಿಸೋಕೆ ಭೂತಗನ್ನಡಿ ಇಟ್ಕೊಳ್ತಿದ್ರು. ನಮ್ಮ ದೊಡ್ಡಪ್ಪನ ಅಂಗಡೀಲೂ ಮಡಚೋ ಥರದ್ದು ಒಂದಿದೆ, ಚಿಕ್ಕವನಿದ್ದಾಗ ಅದರಲ್ಲಿ ಇರುವೆ ನೋಡಿ ಬೈಸ್ಕೊಂಡಿದೀನಿ. ಲೇವೆನ್‌ಹುಕ್‌ಗೆ ಬೈಯೋರು ಯಾರೂ ಇರಲಿಲ್ಲ ಅನ್ಸುತ್ತೆ. ಅವನೇ ಗಾಜು ಉಜ್ಜಿ, ಅಂಗಡಿಯಲ್ಲಿ ಸಿಗೋದಕ್ಕಿಂತ ಎಷ್ಟೋ ಪಟ್ಟು ಒಳ್ಳೆ ಲೆನ್ಸ್ ಮಾಡ್ಕೊಂಡ. ಕೆರೆ ನೀರು, ಮಳೆ ನೀರು, ಮೆಣಸು ನೆನೆಸಿಟ್ಟ ನೀರು, ಸಿಕ್ಕಿದ್ದೆಲ್ಲ ನೋಡಿದ. 1676ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದನೆಯ ಪತ್ರ ಬರೆದ: ನೀರಲ್ಲಿ ಕಣ್ಣಿಗೆ ಕಾಣದ ಪ್ರಾಣಿಗಳಿವೆ, ಕೆಲವಕ್ಕೆ ತುಂಬಾ ಸಣ್ಣ ಕಾಲುಗಳಿವೆ, ಅವನ್ನ ಆಡಿಸ್ತಾ ಓಡ್ತವೆ ಅಂತ.

ಮೊದಲು ಅಲ್ಲಿನವರು ನಂಬಲಿಲ್ಲ. ವ್ಯಾಪಾರಿ, ಲ್ಯಾಟಿನ್ ಬೇರೆ ಬರಲ್ಲ. 1677ರಲ್ಲಿ ರಾಬರ್ಟ್ ಹುಕ್ ತಾನೇ ಮಾಡಿ ನೋಡಿ "ಹೌದು, ಇದೆ" ಅಂದ ಮೇಲೆ ಒಪ್ಪಿದರು.

ಆ "ಕಾಲು"ಗಳೇ ನಮ್ಮ ಹೀರೋ. ಡೆನ್ಮಾರ್ಕಿನ ಓ. ಎಫ್. ಮ್ಯೂಲರ್, ತಾನು ಸತ್ತ ಮೇಲೆ 1786ರಲ್ಲಿ ಹೊರಬಂದ ಪುಸ್ತಕದಲ್ಲಿ ಅವಕ್ಕೆ ಸಿಲಿಯಾ ಅನ್ನೋ ಪದ ಬಳಸಿದ. ಲ್ಯಾಟಿನ್‌ನಲ್ಲಿ ಕಣ್ರೆಪ್ಪೆ ಅಂತ. ನಮ್ಮ ಸ್ಕೂಲ್ ಪುಸ್ತಕದಲ್ಲಿ ಲೋಮಾಂಗ. ಉದ್ದ ಇದ್ದು ಒಂದೋ ಎರಡೋ ಇದ್ರೆ ಕಶಾಂಗ ಅಂತಾರೆ, ಒಳಗೆ ನೋಡಿದ್ರೆ ಎರಡೂ ಒಂದೇ. ಅದು ಒಂದೇ ಅಂತ ಗೊತ್ತಾಗೋಕೆ ಇನ್ನೂ 150 ವರ್ಷದ ಮೇಲೆ ಬೇಕಾಯ್ತು.

3/10

ಯಾಕೆ ಅಷ್ಟು ತಡ? ಸೈಜ್.

ಪ್ಯಾರಮೀಸಿಯಂನ ಒಂದು ಲೋಮಾಂಗದ ದಪ್ಪ ಸುಮಾರು 250 ನ್ಯಾನೋಮೀಟರ್. ನಿಮ್ಮ ತಲೆಕೂದಲು ಸುಮಾರು 80,000. ಅಂದ್ರೆ ಒಂದು ಕೂದಲಿನ ಅಗಲದಲ್ಲಿ ಮುನ್ನೂರು ಲೋಮಾಂಗ ಪಕ್ಕಪಕ್ಕ ನಿಲ್ತವೆ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಲೆಕ್ಕ ಹಾಕಿ ತೋರಿಸಿದ: ಎಷ್ಟೇ ಒಳ್ಳೆ ಲೆನ್ಸ್ ಮಾಡಿ, ಬೆಳಕಿನ ತರಂಗದ ಸುಮಾರು ಅರ್ಧಕ್ಕಿಂತ ಹತ್ತಿರ ಇರೋ ಎರಡು ಚುಕ್ಕಿ ಬೇರೆಬೇರೆಯಾಗಿ ಕಾಣಲ್ಲ. ಕಣ್ಣಿಗೆ ಕಾಣೋ ಬೆಳಕಿಗೆ ಅದು ಸುಮಾರು 200 ನ್ಯಾನೋಮೀಟರ್. ಲೋಮಾಂಗ ಇರೋದು ಸರಿಯಾಗಿ ಆ ಗಡಿ ಮೇಲೆ. ಇದೆ ಅಂತ ಕಾಣುತ್ತೆ, ಒಳಗೇನಿದೆ ಕಾಣಲ್ಲ. ಮುಚ್ಚಿದ ಅಂಗಡಿ ಶಟರ್ ನೋಡಿದ ಹಂಗೆ.

ಆದರೂ ಒಬ್ಬ ಜರ್ಮನ್, ಬಾಲೋವಿಟ್ಜ್, 1888ರಲ್ಲಿ ಒಂದು ಉಪಾಯ ಮಾಡಿದ. ವೀರ್ಯಾಣುವಿನ ಬಾಲವನ್ನ (ಅದೂ ಕಶಾಂಗವೇ) ಹಗ್ಗದ ತುದಿ ಬಿಚ್ಚಿಕೊಳ್ಳೋ ಥರ ಬಿಡಿಸಿ, ಮಾಮೂಲಿ ಮೈಕ್ರೋಸ್ಕೋಪ್‌ನಲ್ಲೇ ಎಳೆ ಎಣಿಸಿದ. 11ರ ತನಕ ಸಿಕ್ಕವು. ಈ 11 ನೆನಪಲ್ಲಿಟ್ಕೊಳಿ.

4/10

ಈಗ ಬರ್ಲಿನ್. 1931. ಅರ್ನ್ಸ್ಟ್ ರುಸ್ಕಾ, ವಯಸ್ಸು 24, ನಮಗಿಂತ ನಾಲ್ಕೇ ವರ್ಷ ದೊಡ್ಡವನು. ಮ್ಯಾಕ್ಸ್ ನೋಲ್ ಅವರ ಜೊತೆ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣ, ಗಾಜಿನ ಲೆನ್ಸ್ ಬದಲು ತಾಮ್ರದ ತಂತಿ ಸುತ್ತಿದ ಆಯಸ್ಕಾಂತದ ಸುರುಳಿ ಇಟ್ಟು ಒಂದು ಮೈಕ್ರೋಸ್ಕೋಪ್ ಕಟ್ಟಿದ. ಮೊದಲ ಸಲ ದೊಡ್ಡದಾಗಿ ಕಂಡದ್ದು 20 ಪಟ್ಟಿಗೂ ಕಡಿಮೆ. ದೊಡ್ಡಪ್ಪನ ಗಾಜಿಗೂ ಇದಕ್ಕೂ ಏನೂ ದೊಡ್ಡ ವ್ಯತ್ಯಾಸ ಇಲ್ಲ.

ತಮಾಷೆ ಏನಂದ್ರೆ, ಎಲೆಕ್ಟ್ರಾನ್ ಕೂಡ ತರಂಗದ ಥರ ನಡ್ಕೊಳ್ಳುತ್ತೆ ಅನ್ನೋ ಡಿ ಬ್ರೋಯಿ ಸಿದ್ಧಾಂತ ರುಸ್ಕಾಗೆ ಶುರುವಿನಲ್ಲಿ ಗೊತ್ತೇ ಇರಲಿಲ್ಲ. ಗೊತ್ತಾದಾಗ ತುಂಬಾ ಬೇಜಾರಾಯ್ತಂತೆ, ಅಯ್ಯೋ ಇಲ್ಲೂ ಅದೇ ಗಡಿ ಬಂತಲ್ಲ ಅಂತ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಆ ತರಂಗ ಬೆಳಕಿನದಕ್ಕಿಂತ ಲಕ್ಷ ಪಟ್ಟಿನಷ್ಟು ಚಿಕ್ಕದು. ನೆಮ್ಮದಿ. 1933ರಲ್ಲಿ ಹೊಸ ಯಂತ್ರ ಬೆಳಕಿನ ಮೈಕ್ರೋಸ್ಕೋಪನ್ನ ಮೀರಿಸ್ತು. ಆಗ ನೋಡಿದ ವಸ್ತುಗಳಲ್ಲಿ ಒಂದು ಹತ್ತಿ ಎಳೆ, ಅದೂ ಸುಟ್ಟು ಕರಿಯಾದದ್ದು. ದಾವಣಗೆರೆಯವನಾಗಿ ಇದನ್ನ ಓದಿದಾಗ ಸುಮ್ಮನೆ ಖುಷಿಯಾಯ್ತು.

ಆದರೆ ದುಡ್ಡು ಹಾಕೋರು ಇಲ್ಲ. ಜನ ಕೇಳ್ತಿದ್ದ ಪ್ರಶ್ನೆ ನ್ಯಾಯವಾದದ್ದೇ: ಎಲೆಕ್ಟ್ರಾನ್ ಕಿರಣ ಬಿದ್ರೆ ಜೀವಿ ಸುಟ್ಟು ಹೋಗುತ್ತೆ, ಒಳಗೆ ಗಾಳಿ ಇಲ್ಲದ ನಿರ್ವಾತ ಬೇಕು, ನೀರು ಆವಿಯಾಗುತ್ತೆ, ಇದರಲ್ಲಿ ಏನು ನೋಡ್ತೀಯಪ್ಪ? ರುಸ್ಕಾ ಹೊಟ್ಟೆಪಾಡಿಗೆ ಟೆಲಿವಿಷನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಅವನ ತಮ್ಮ ಹೆಲ್ಮುಟ್ ಡಾಕ್ಟರ್. ಆ ತಮ್ಮನ ಗುರು ಸೀಬೆಕ್ ಅನ್ನೋ ಪ್ರೊಫೆಸರ್ 1936ರಲ್ಲಿ, ರೋಗಗಳನ್ನ ಅರ್ಥ ಮಾಡ್ಕೊಳ್ಳೋಕೆ ಇದು ಬಹಳ ಉಪಯೋಗಕ್ಕೆ ಬರುತ್ತೆ ಅಂತ ಅಭಿಪ್ರಾಯ ಬರೆದು ಕೊಟ್ಟರು. ಅದು ಕೆಲಸ ಮಾಡ್ತು. ಬ್ಯಾಂಕ್ ಲೋನ್‌ಗೆ ಪ್ರಾಜೆಕ್ಟ್ ರಿಪೋರ್ಟ್ ಕೊಡ್ತೀವಲ್ಲ, ಹಂಗೆ. ಸೀಮೆನ್ಸ್ ಕಂಪನಿ ಕೈ ಹಾಕ್ತು, 1939ರಲ್ಲಿ ಮಾರಾಟದ ಮಾಡೆಲ್ ಬಂತು. ರುಸ್ಕಾಗೆ ನೊಬೆಲ್ ಬಂದದ್ದು 1986ರಲ್ಲಿ, 79ನೇ ವಯಸ್ಸಿಗೆ. ನೋಲ್ 1969ರಲ್ಲೇ ತೀರಿಕೊಂಡಿದ್ದರು. 55 ವರ್ಷದ ಪೇಬ್ಯಾಕ್ ಪೀರಿಯಡ್, ಯಾವ ಫೈನಾನ್ಶಿಯಲ್ ಮ್ಯಾನೇಜ್ಮೆಂಟ್ ಪರೀಕ್ಷೇಲಿ ಬರೆದರೂ ಸೊನ್ನೆ ಮಾರ್ಕ್ಸ್.

5/10

1946. ಅಮೆರಿಕದ ಎಂಐಟಿಯಲ್ಲಿ ಮೇರಿ ಜೇಕಸ್ ಮತ್ತು ಸೆಸಿಲ್ ಹಾಲ್ ಪ್ಯಾರಮೀಸಿಯಂ ತಗೊಂಡು, ಒಣಗಿಸಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಲೋಮಾಂಗ ಒಡೆದು ಎಳೆ ಎಳೆಯಾಗಿ ಹರಡ್ಕೊಂಡಿತ್ತು. ಎಣಿಸಿದ್ರೆ ಸುಮಾರು 11.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಐರೀನ್ ಮ್ಯಾಂಟನ್ ಅನ್ನೋ ಸಸ್ಯಶಾಸ್ತ್ರ ಪ್ರೊಫೆಸರ್. ಜರೀಗಿಡ, ಪಾಚಿ ಇವುಗಳ ಈಜೋ ಬೀಜಾಣು ನೋಡ್ತಿದ್ರು. ಅವರಿಗೂ 11. ಆದರೆ ಅವರು ಎಣಿಸಿ ಸುಮ್ಮನಾಗಲಿಲ್ಲ. ಹನ್ನೊಂದರಲ್ಲಿ ಎರಡು ಉಳಿದವುಗಳ ಥರ ಇಲ್ಲ ಅನ್ನೋದನ್ನ ಗಮನಿಸಿದರು. 1952ರಲ್ಲಿ ಕ್ಲಾರ್ಕ್ ಜೊತೆ ಸ್ಫ್ಯಾಗ್ನಂ ಅನ್ನೋ ಹಾವಸೆಯ ಬೀಜಾಣು ಮೇಲೆ ಬರೆದಾಗ ಚಿತ್ರ ಸ್ಪಷ್ಟವಾಯ್ತು: ಸುತ್ತ ಒಂಬತ್ತು, ನಡುವೆ ಎರಡು. 9+2. ಇವರ ಬಗ್ಗೆ ಬೇರೆ ಪೋಸ್ಟೇ ಹಾಕಬೇಕು. ಇವರ ಅಕ್ಕ ಸಿಡ್ನಿ ಮ್ಯಾಂಟನ್ ಪ್ರಾಣಿಶಾಸ್ತ್ರಜ್ಞೆ, ಇಬ್ಬರೂ ರಾಯಲ್ ಸೊಸೈಟಿ ಫೆಲೋ, ಅಕ್ಕತಂಗಿ ಇಬ್ಬರೂ ಹಾಗಾದದ್ದು ಅದೇ ಮೊದಲು.

ಒಣಗಿಸಿ ಹರಡಿದ್ದನ್ನ ನೋಡೋದು ಒಂದು, ಅಡ್ಡಲಾಗಿ ಕತ್ತರಿಸಿ ನೋಡೋದು ಇನ್ನೊಂದು. ಕಬ್ಬು ಕತ್ತರಿಸಿದ ಹಂಗೆ ಲೋಮಾಂಗ ಕತ್ತರಿಸಬೇಕು. ಕೂದಲಿನ ಸಾವಿರದ ಒಂದು ಭಾಗದಷ್ಟು ತೆಳು ಇರಬೇಕು, ಇಲ್ದಿದ್ರೆ ಎಲೆಕ್ಟ್ರಾನ್ ಒಳಗೆ ಹೋಗಲ್ಲ. ಈ ಕೆಲಸಕ್ಕೆ ಸ್ಟೀಲ್ ಬ್ಲೇಡ್ ಮೊಂಡು. 1950ರಲ್ಲಿ ಲಾಟ್ಟಾ ಮತ್ತು ಹಾರ್ಟ್‌ಮನ್ ಅನ್ನೋರು ಕಿಟಕಿಗೆ ಹಾಕೋ ಥರದ ದಪ್ಪ ಗಾಜನ್ನ ಮುರಿದು, ಆ ಮುರಿದ ಅಂಚಲ್ಲೇ ಕತ್ತರಿಸಿ ತೋರಿಸಿದರು. ಗಾಜಿನ ಚೂರು! ಆಮೇಲೆ ವೆನೆಜುವೆಲಾದ ಫರ್ನಾಂಡೆಜ್ ಮೊರಾನ್ ವಜ್ರದ ಚಾಕು ಮಾಡಿದರು. ಜೀವಕೋಶವನ್ನ ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ ಅದ್ದಿ ಗಟ್ಟಿ ಮಾಡ್ತಾರೆ (ಕಣ್ಣಿಗೆ ಬಿದ್ರೆ ಕಣ್ಣು ಹೋಗೋವಂಥ ವಿಷ), ಪ್ಲಾಸ್ಟಿಕ್‌ನಂಥ ರಾಳದಲ್ಲಿ ಹೂತಿಟ್ಟು ಕತ್ತರಿಸ್ತಾರೆ, ಚೂರುಗಳು ನೀರಿನ ಮೇಲೆ ತೇಲ್ತವೆ. ಎಷ್ಟು ತೆಳು ಅಂತ ಅಳೆಯೋದು ಸ್ಕೇಲಲ್ಲಿ ಅಲ್ಲ, ಬಣ್ಣದಲ್ಲಿ. ಬೆಳ್ಳಿ ಥರ ಹೊಳೆದ್ರೆ ಸರಿಯಾಗಿದೆ, ಬಂಗಾರದ ಬಣ್ಣ ಬಂದ್ರೆ ಸ್ವಲ್ಪ ದಪ್ಪ ಆಯ್ತು. ಬಂಗಾರಕ್ಕಿಂತ ಬೆಳ್ಳಿಗೆ ಬೆಲೆ ಜಾಸ್ತಿ ಇರೋ ಏಕೈಕ ಜಾಗ ಇದೇ ಇರಬೇಕು.

1954ರಲ್ಲಿ ಡಾನ್ ಫಾಸೆಟ್ ಮತ್ತು ಕೀತ್ ಪೋರ್ಟರ್ ಹೀಗೆ ಕತ್ತರಿಸಿ ಮೃದ್ವಂಗಿ, ಕಪ್ಪೆ ಜಾತಿ, ಇಲಿ, ಮನುಷ್ಯ ಎಲ್ಲರ ಲೋಮಾಂಗ ನೋಡಿದರು. ಎಲ್ಲದರಲ್ಲೂ 9+2. ಸುತ್ತಲಿನ ಒಂಬತ್ತು ಎಳೆಯಲ್ಲಿ ಪ್ರತಿಯೊಂದೂ ಜೋಡಿ ಕೊಳವೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕೆರೆಯ ಪ್ಯಾರಮೀಸಿಯಂ, ಹಾವಸೆಯ ಬೀಜಾಣು, ನಿಮ್ಮ ಶ್ವಾಸನಾಳ. ಮೂರೂ ಒಂದೇ ನಕ್ಷೆ. ನೂರು ಕೋಟಿ ವರ್ಷಕ್ಕಿಂತ ಹಿಂದೆ ಇದ್ದ ಯಾವುದೋ ಒಂಟಿಕೋಶದ ಪೂರ್ವಜನಿಂದ ಬಂದ ಡಿಸೈನ್, ಯಾರೂ ಬದಲಾಯಿಸಿಲ್ಲ.

6/10

ಈಗ ಅಸಲಿ ವಿಷಯ: ಕೈಗಳು.

ಸ್ಟಾಕ್‌ಹೋಮ್‌ನ ಬ್ಯೋರ್ನ್ ಅಫ್ಜೆಲಿಯಸ್ 1959ರಲ್ಲಿ ಕಡಲ ಮುಳ್ಳುಜೀವಿಯ (ಸೀ ಅರ್ಚಿನ್) ವೀರ್ಯಾಣು ಬಾಲ ನೋಡುವಾಗ, ಪ್ರತಿ ಜೋಡಿಯಿಂದ ಪಕ್ಕದ ಜೋಡಿ ಕಡೆಗೆ ಎರಡು ಸಣ್ಣ ಚಾಚು ಇರೋದನ್ನ ಕಂಡರು. ಅವಕ್ಕೆ ಕೈ ಅಂತ ಹೆಸರಾಯ್ತು. ಈ ಹೆಸರು ಮರೀಬೇಡಿ, ಅಫ್ಜೆಲಿಯಸ್ ಇನ್ನೊಂದ್ಸಲ ಬರ್ತಾರೆ.

ಮರುವರ್ಷ, 1960, ಇಯಾನ್ ಗಿಬ್ಬನ್ಸ್ ಮತ್ತು ಗ್ರಿಮ್‌ಸ್ಟೋನ್. ಇವರು ಆರಿಸಿದ ಜೀವಿ ಎಲ್ಲಿಯದು ಗೊತ್ತಾ? ಗೆದ್ದಲಿನ ಹೊಟ್ಟೆಯದು. ಮರ ತಿನ್ನೋ ಕೆಲವು ಗೆದ್ದಲುಗಳ ಕರುಳಲ್ಲಿ ಟ್ರೈಕೊನಿಂಫಾ ಅನ್ನೋ ಏಕಕೋಶ ಜೀವಿ ಇರುತ್ತೆ, ಮೈತುಂಬ ಸಾವಿರಾರು ಕಶಾಂಗ, ಜಡೆ ಬಿಚ್ಚಿ ಕೂತ ಹಂಗೆ. (ನಮ್ಮ ಹೊಲದ ಬದುವಲ್ಲಿ ಹುತ್ತ ಕಟ್ಟೋ ಗೆದ್ದಲಲ್ಲಿ ಹುಡುಕೋಕೆ ಹೋಗ್ಬೇಡಿ. ಅವು ಹುತ್ತದೊಳಗೆ ಶಿಲೀಂಧ್ರ ಬೆಳೆಸಿ ತಿನ್ನೋ ಜಾತಿ, ಅವುಗಳ ಹೊಟ್ಟೇಲಿ ಇದು ಇರಲ್ಲ.) ಒಂದು ಚೂರು ಕತ್ತರಿಸಿದ್ರೆ ನೂರಾರು ಕಶಾಂಗದ ಅಡ್ಡನೋಟ ಒಟ್ಟಿಗೇ ಸಿಗುತ್ತೆ, ಅದಕ್ಕೇ ಇದನ್ನ ಆರಿಸಿದ್ದು. ಬುಡದಿಂದ ತುದಿ ಕಡೆ ನೋಡಿದ್ರೆ ಕೈಗಳೆಲ್ಲ ಗಡಿಯಾರದ ಮುಳ್ಳಿನ ದಿಕ್ಕಿಗೇ ಚಾಚಿರೋದು ಅವರಿಗೆ ಕಂಡಿತು. ಒಂದೂ ಉಲ್ಟಾ ಇಲ್ಲ.

ಇದನ್ನ ಇಂಟರ್ವಲ್‌ನಲ್ಲಿ ಫ್ರೆಂಡ್‌ಗೆ ಹೇಳಿದೆ. ಅವನು ಮಂಡಕ್ಕಿ ತಿಂತಾ, "ಲೇ, ಗೆದ್ದಲ ಹೊಟ್ಟೆಯ ಹುಳದ ಕೂದಲಿನ ಕೈ ಯಾವ ಕಡೆ ತಿರುಗಿದೆ ಅಂತ ನೋಡೋಕೆ ಸಂಬಳ ಕೊಡ್ತಿದ್ರಾ?" ಅಂದ. ಕೊಡ್ತಿದ್ರು. ಆಗ ನನಗೂ ಅದಕ್ಕೆ ಉತ್ತರ ಹೊಳೀಲಿಲ್ಲ, ನಕ್ಕು ಸುಮ್ಮನಾದೆ.

7/10

ಫೋಟೋದ ತೊಂದರೆ ಅಂದ್ರೆ ಅದು ಸತ್ತದ್ದು. ಓಡೋ ಬಸ್ಸನ್ನ ಅಲ್ಲೇ ಕಲ್ಲಾಗಿಸಿ, ಅಡ್ಡ ಕೊಯ್ದು, ಕಪ್ಪು ಬಿಳುಪು ಫೋಟೋ ತೆಗೆದು, "ಇಂಜಿನ್ ಯಾವುದು ಹೇಳಿ" ಅಂದಂಗೆ. ಕೈ ಇದೆ, ಸರಿ. ಅದು ಕೆಲಸ ಮಾಡುತ್ತೋ, ಸುಮ್ಮನೆ ಅಲಂಕಾರಕ್ಕೋ?

ಗಿಬ್ಬನ್ಸ್ ಆಗ ಹಾರ್ವರ್ಡ್‌ನಲ್ಲಿದ್ದರು. ಟೆಟ್ರಾಹೈಮೆನಾ ಅನ್ನೋ ಇನ್ನೊಂದು ಕೆರೆ ಜೀವಿ ತಗೊಂಡರು. ಇದನ್ನ ಸಾರು ಕುದಿಸಿದ ಹಂಗೆ ಲೀಟರ್‌ಗಟ್ಟಲೆ ಬೆಳೆಸಬಹುದು, ಲೋಮಾಂಗ ಮಾತ್ರ ಉದುರಿಸಿ ಬೇರೆ ಮಾಡ್ಕೋಬಹುದು. ಮನುಷ್ಯನ ಶ್ವಾಸನಾಳದಿಂದ ಅಷ್ಟು ಮಾಲು ಎಲ್ಲಿ ಸಿಗಬೇಕು?

ಅವರು ಮಾಡಿದ್ದು ಅಕೌಂಟೆಂಟ್ ಬುದ್ಧಿಯ ಕೆಲಸ ಅಂತ ನನಗನಿಸುತ್ತೆ. ಲೋಮಾಂಗದ ಹೊರಪೊರೆ ಕರಗಿಸಿದರು. ಉಳಿದದ್ದನ್ನ ಒಂದು ದ್ರಾವಣದಲ್ಲಿಟ್ಟರು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂಬತ್ತು ಜೋಡಿ ಇದೆ, ಕೈಗಳು ಮಾಯ. ಅದೇ ಹೊತ್ತಿಗೆ ಎಟಿಪಿ (ಜೀವಕೋಶದ ಇಂಧನ) ಸುಡೋ ಶಕ್ತಿ ಕೂಡ ಕೊಳವೆಗಳನ್ನ ಬಿಟ್ಟು ದ್ರಾವಣಕ್ಕೆ ಬಂದಿತ್ತು. ಈ ಕಡೆ ಕೈ ಕ್ರೆಡಿಟ್, ಆ ಕಡೆ ಇಂಧನ ಸುಡೋ ಪ್ರೋಟೀನ್ ಡೆಬಿಟ್. ಆಮೇಲೆ ಮೆಗ್ನೀಸಿಯಂ ಹಾಕಿ ಆ ಪ್ರೋಟೀನನ್ನ ವಾಪಸ್ ಸೇರಿಸಿದರೆ, ಕೈಗಳಲ್ಲಿ ಒಂದಿಷ್ಟು ತಮ್ಮ ಜಾಗದಲ್ಲೇ ಮತ್ತೆ ಕೂತವು. ಲೆಕ್ಕ ತಾಳೆ ಆಯ್ತು. ಇದು 1963. 1965ರಲ್ಲಿ ಆರ್ಥರ್ ರೋ ಜೊತೆ ಆ ಪ್ರೋಟೀನ್‌ಗೆ ಹೆಸರಿಟ್ಟರು: ಡೈನೀನ್. ಬಲ ಅಳೆಯೋ ಡೈನ್ ಅನ್ನೋ ಮಾನದಿಂದ ಬಂದದ್ದು.

ರಿಪೋರ್ಟ್‌ನಲ್ಲಿದ್ದ ಪದ ಇದೇ.

ಕೈ ಏನು ಮಾಡುತ್ತೆ ಅನ್ನೋದು ಇನ್ನೂ ಜಗಳದಲ್ಲಿತ್ತು. ಕೊಳವೆಗಳು ತಾವೇ ಕುಗ್ಗಿ ಲೋಮಾಂಗ ಬಾಗುತ್ತಾ, ಅಥವಾ ಒಂದರ ಪಕ್ಕ ಒಂದು ಜಾರುತ್ತಾ? ನಿಮ್ಮ ಹತ್ರ ದಪ್ಪ ನೋಟ್‌ಬುಕ್ ಇದ್ರೆ ಈಗಲೇ ಮಾಡಿ ನೋಡಿ. ಹೊಲಿಗೆ ಇರೋ ಕಡೆ ಗಟ್ಟಿಯಾಗಿ ಹಿಡಿದು ಬಗ್ಗಿಸಿ. ಇನ್ನೊಂದು ತುದೀಲಿ ಹಾಳೆಗಳು ಮೆಟ್ಟಿಲಿನ ಥರ ಸರಿಯುತ್ತವೆ. ಯಾವ ಹಾಳೆಯೂ ಉದ್ದ ಆಗಿಲ್ಲ, ಗಿಡ್ಡ ಆಗಿಲ್ಲ. ಪೀಟರ್ ಸಾಟಿರ್ 1960ರ ದಶಕದಲ್ಲಿ ಸಿಹಿನೀರಿನ ಕಪ್ಪೆಚಿಪ್ಪಿನ ಕಿವಿರಿನ ಲೋಮಾಂಗಗಳನ್ನ ಬಡಿತದ ಮಧ್ಯದಲ್ಲೇ ಗಟ್ಟಿ ಮಾಡಿ, ತುದಿ ಕತ್ತರಿಸಿ ನೋಡಿದರು. ಬಾಗಿದ ಲೋಮಾಂಗದ ತುದೀಲಿ ಅದೇ ಮೆಟ್ಟಿಲು. ಜಾರುತ್ತೆ! 1971ರಲ್ಲಿ ಸಮ್ಮರ್ಸ್ ಮತ್ತು ಗಿಬ್ಬನ್ಸ್ ಕೊಳವೆಗಳನ್ನ ಹಿಡಿದಿಟ್ಟ ಕೊಂಡಿಗಳನ್ನ ಒಂದು ಕಿಣ್ವದಿಂದ ಕಡಿದು ಎಟಿಪಿ ಹಾಕಿದಾಗ, ಚೂರುಗಳು ಹಳೇ ರೇಡಿಯೋ ಆಂಟೆನಾ ಎಳೆದಂಗೆ ಉದ್ದುದ್ದ ಜಾರಿ ಬಂದವು. ಡೈನೀನ್ ಕೈ ಪಕ್ಕದ ಜೋಡಿಯನ್ನ ತಳ್ಳುತ್ತೆ, ಬುಡ ಗಟ್ಟಿ ಇರೋದ್ರಿಂದ ಜಾರೋದು ಬಾಗೋದಾಗುತ್ತೆ. ಅಷ್ಟೇ. ಸೆಕೆಂಡಿಗೆ ಹತ್ತಾರು ಸಲ.

8/10

ಅಫ್ಜೆಲಿಯಸ್ ವಾಪಸ್ ಬಂದ್ರು.

1933ರಲ್ಲಿ (ಹತ್ತಿ ಎಳೆಯ ವರ್ಷವೇ, ನೋಡಿ) ಜ್ಯೂರಿಕ್‌ನ ಡಾಕ್ಟರ್ ಮಾನೆಸ್ ಕಾರ್ಟಜೆನರ್ ಕೆಲವು ರೋಗಿಗಳ ಬಗ್ಗೆ ಬರೆದಿದ್ದರು. ಮೂರು ವಿಷಯ ಒಟ್ಟಿಗೆ: ಸದಾ ಸೈನಸ್ ಸೋಂಕು, ಶ್ವಾಸಕೋಶದ ನಾಳಗಳು ಹಿಗ್ಗಿ ಹಾಳಾಗಿರೋದು, ಮತ್ತು ಹೃದಯ, ಲಿವರ್ ಎಲ್ಲ ಕನ್ನಡಿಯಲ್ಲಿ ನೋಡಿದ ಹಂಗೆ ಎಡಬಲ ಅದಲುಬದಲು. ಮೂಗಿಗೂ ಹೃದಯ ಇರೋ ಜಾಗಕ್ಕೂ ಏನು ಸಂಬಂಧ? 40 ವರ್ಷ ಯಾರಿಗೂ ಹೊಳೀಲಿಲ್ಲ.

ಅಫ್ಜೆಲಿಯಸ್ ಕೈಗೆ, ಮಕ್ಕಳಾಗದ ಕೆಲವು ಗಂಡಸರ ವೀರ್ಯಾಣು ಬಂತು. ಜೀವ ಇದೆ, ಆದರೆ ಬಾಲ ಆಡಲ್ಲ. ಅಡ್ಡ ಕತ್ತರಿಸಿ ನೋಡಿದರು. 9+2 ಇದೆ, ಕೈಗಳಿಲ್ಲ. 1959ರಲ್ಲಿ ಆ ಕೈಗಳನ್ನ ಕಂಡವರೇ ಅವರು, ಇಲ್ಲ ಅಂತ ಗೊತ್ತಾಗೋಕೆ ಅವರಿಗಿಂತ ಬೇರೆ ಕಣ್ಣು ಬೇಕಾ? ಅವರ ಶ್ವಾಸನಾಳದ ಲೋಮಾಂಗದಲ್ಲೂ ಕೈ ಇಲ್ಲ. ಅವರಲ್ಲಿ ಕೆಲವರಿಗೆ ಕಾರ್ಟಜೆನರ್ ಹೇಳಿದ ಮೂರೂ ಇತ್ತು. 1976ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು.

ಈಗ ಮೂಗಿನ ಕಥೆ ಸುಲಭ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಲೋಮಾಂಗಗಳ ಹೊಲವೇ ಇದೆ, ಧೂಳು ಕ್ರಿಮಿ ಅಂಟಿಕೊಂಡ ಲೋಳೆಯನ್ನ ಮೇಲೆ ಗುಡಿಸ್ತಾ ಇರ್ತವೆ. ಪೊರಕೆ ಇದೆ, ಗುಡಿಸೋ ಕೈ ಇಲ್ಲ ಅಂದ್ರೆ ಕಸ ಅಲ್ಲೇ ಕೂರುತ್ತೆ. ಐಸ್‌ಕ್ರೀಂ ಅಲ್ಲ, ಮಳೆ ಅಲ್ಲ, ಮೊಸರೂ ಅಲ್ಲ.

ಹೃದಯ? ಅಫ್ಜೆಲಿಯಸ್ ಒಂದು ಊಹೆ ಮಾಡಿದರು. ಭ್ರೂಣದಲ್ಲಿ ಎಡ ಬಲ ತೀರ್ಮಾನ ಆಗೋದು ಲೋಮಾಂಗಗಳ ಬಡಿತದಿಂದ ಇರಬಹುದು. ಬಡಿತ ಇಲ್ದಿದ್ರೆ ಟಾಸ್ ಹಾಕಿದ ಹಂಗೆ, ಅರ್ಧ ಜನರಿಗೆ ಎಡ, ಅರ್ಧ ಜನರಿಗೆ ಬಲ. ನಿಜಕ್ಕೂ ಈ ಕಾಯಿಲೆ ಇರೋರಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಅಂಗಗಳು ಅದಲುಬದಲು. 1998ರಲ್ಲಿ ಜಪಾನಿನ ನೋನಾಕಾ, ಹಿರೋಕಾವಾ ತಂಡ ಇಲಿಯ ಭ್ರೂಣದಲ್ಲಿ ಅದನ್ನ ಕಣ್ಣಾರೆ ಕಂಡಿತು: ಒಂದು ಸಣ್ಣ ಗುಳಿ, ಅದರಲ್ಲಿ ತಿರುಗೋ ಲೋಮಾಂಗಗಳು, ದ್ರವವನ್ನ ಎಡಕ್ಕೆ ತಳ್ಳುತ್ತವೆ. 2002ರಲ್ಲಿ ನೋನಾಕಾ ಮತ್ತು ಜೊತೆಗಾರರು ಆ ದ್ರವವನ್ನ ಹೊರಗಿಂದ ಬಲವಂತವಾಗಿ ಉಲ್ಟಾ ಹರಿಸಿದರು. ಎಡ ಬಲ ಅದಲುಬದಲಾಯ್ತು. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

9/10

ಇದೊಂದನ್ನ ಬೇಗ ಹೇಳಿ ಬಿಡ್ತೀನಿ. ಕ್ಲಾಮಿಡೋಮೊನಾಸ್ ಅನ್ನೋ ಎರಡು ಕಶಾಂಗದ ಹಸಿರು ಪಾಚಿ, ಪಿಯುಸಿ ಸೈನ್ಸ್‌ನೋರಿಗೆ ಗೊತ್ತಿರುತ್ತೆ. 1993ರಲ್ಲಿ ಯೇಲ್‌ನ ಕೊಜ್ಮಿನ್ಸ್ಕಿ, ರೋಸೆನ್‌ಬಾಮ್ ಮತ್ತು ಜೊತೆಗಾರರು ಅದರ ಕಶಾಂಗದೊಳಗೆ ಸಣ್ಣ ಕಣಗಳು ಮೇಲೆ ಕೆಳಗೆ ಓಡಾಡೋದನ್ನ ಕಂಡರು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಹೊರಪೊರೆಗೂ ಜೋಡಿ ಕೊಳವೆಗೂ ಮಧ್ಯೆ ಗೂಡ್ಸ್ ರೈಲಿನ ಥರ ಸಾಲು. ಕಶಾಂಗ ಕಟ್ಟೋಕೆ ಸಾಮಾನು ಸಾಗಿಸೋ ರೈಲು ಅದು. 2000ದಲ್ಲಿ ಗೊತ್ತಾಯ್ತು, ಆ ರೈಲಿನ ಒಂದು ಭಾಗದ ಜೀನ್, ಕಿಡ್ನಿಯಲ್ಲಿ ನೀರುಗುಳ್ಳೆ ತುಂಬೋ ಕಾಯಿಲೆಯ ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಎರಡೂ ಒಂದೇ ಅಂತ. ನಮ್ಮ ಕಿಡ್ನಿಯ ಕೋಶಗಳ ಮೇಲೂ ಒಂದೊಂದು ಲೋಮಾಂಗ ಇದೆ, ಅದು ಆಡಲ್ಲ, ಹಂಗಾಗಿ ಎಷ್ಟೋ ವರ್ಷ ಅದನ್ನ ಕೆಲಸಕ್ಕೆ ಬಾರದ್ದು ಅಂತ ಬಿಟ್ಟಿದ್ದರು.

ಈಗ ನೀರಿನಲ್ಲಿರೋದನ್ನ ಹಾಗೇ ಥಟ್ ಅಂತ ಹೆಪ್ಪುಗಟ್ಟಿಸಿ, ಬೇರೆಬೇರೆ ಕೋನದಿಂದ ನೋಡಿ, ಕಂಪ್ಯೂಟರಲ್ಲಿ ಮೂರು ಆಯಾಮದ ಚಿತ್ರ ಮಾಡ್ತಾರೆ. 2006ರಲ್ಲಿ ನಿಕಾಸ್ಟ್ರೋ ತಂಡ ಹಂಗೆ ಡೈನೀನ್ ಕೈಗಳನ್ನ ಕೊಳವೆ ಮೇಲೆ ಇದ್ದ ಹಾಗೇ ತೋರಿಸ್ತು. ಮೊದಲಿನ ಫೋಟೋಗಳಲ್ಲಿ ಮಸಿ ಚುಕ್ಕೆ ಥರ ಇದ್ದದ್ದು ಈಗ ಯಂತ್ರದ ಬಿಡಿಭಾಗದ ಥರ ಕಾಣುತ್ತೆ.

10/10

ಗಿಬ್ಬನ್ಸ್ 2018ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ ರೊನಾಲ್ಡ್ ವೇಲ್ ಜೊತೆ ಶಾ ಪ್ರಶಸ್ತಿ ಬಂದಿತ್ತು.

ಫ್ರೆಂಡ್ ಕೇಳಿದ ಪ್ರಶ್ನೆ ನನ್ನ ತಲೇಲಿ ಇನ್ನೂ ಇದೆ. 1960ರಲ್ಲಿ ಗೆದ್ದಲ ಹೊಟ್ಟೆಯ ಜೀವಿ ನೋಡೋಕೆ ಯಾರಾದರೂ ಬಜೆಟ್ ಕೇಳಿದ್ರೆ, "ಉಪಯೋಗ" ಅನ್ನೋ ಕಾಲಂನಲ್ಲಿ ಏನು ಬರೀಬೇಕಿತ್ತು? ದಾವಣಗೆರೆಯ ಒಬ್ಬ ಹುಡುಗನ ಮೂಗು ಅಂತ ಬರೆಯೋಕೆ ಆಗ್ತಿತ್ತಾ? ಕಾಸ್ಟ್ ಅಕೌಂಟಿಂಗ್‌ನಲ್ಲಿ ಇದಕ್ಕೆ ಫಾರ್ಮ್ಯಾಟ್ ಇಲ್ಲ, ನಾನು ಮೇಷ್ಟ್ರನ್ನ ಕೇಳಿದೆ. ಅವರು "ಸಂಕ್ ಕಾಸ್ಟ್ ಅಂತ ಬರ್ಕೋ" ಅಂತ ನಕ್ಕರು. ನನಗೆ ಅದು ಸರಿ ಅನ್ಸಲಿಲ್ಲ.

ಇನ್ನೊಂದು ಮಾತು. ಯಾರಾದರೂ ಇದನ್ನ ಓದಿ ಗೂಗಲ್ ಮಾಡಿ ಹೆದರ್ಕೋಬೇಡಿ. ಸುಮ್ಮನೆ ನೆಗಡಿ ಇರೋರಿಗೆಲ್ಲ ಇದು ಇರಲ್ಲ, ಇದು ಅಪರೂಪದ್ದು. ಮತ್ತೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಂದೇ ಕೊನೆ ಮಾತಲ್ಲ. ಈ ಕಾಯಿಲೆಗೆ ಕಾರಣವಾಗೋ ಜೀನ್‌ಗಳು ಈಗ 50ಕ್ಕೂ ಹೆಚ್ಚು ಗೊತ್ತಾಗಿವೆ, ಸುಮಾರು ಮೂರರಲ್ಲಿ ಒಬ್ಬರಿಗೆ ಚಿತ್ರ ಸರಿಯಾಗೇ ಇದ್ದು ಕಾಯಿಲೆ ಇರುತ್ತೆ. ಹಂಗಾಗಿ ಜೀನ್ ಟೆಸ್ಟೂ ಮಾಡ್ತಾರೆ. ಕೈ ವಾಪಸ್ ಅಂಟಿಸೋ ಮದ್ದು ಇನ್ನೂ ಇಲ್ಲ. ಟೆಸ್ಟ್ ಟ್ಯೂಬಿನಲ್ಲಿ ಗಿಬ್ಬನ್ಸ್ ಅಂಟಿಸಿದರು, ಮನುಷ್ಯನ ಮೂಗಲ್ಲಿ ಆಗಿಲ್ಲ. ದಿನಾ ಎರಡು ಹೊತ್ತು ಬೆನ್ನು ತಟ್ಟಿ ಕಫ ಹೊರಗೆ ತೆಗೆಸಬೇಕು, ಸೋಂಕು ಬಂದ್ರೆ ತಕ್ಷಣ ಮದ್ದು. ಸಂಜೆಯ ಪಾಳಿ ನಂದು.

ಹೋದ ಭಾನುವಾರ ಬಿಎಸ್ಸಿ ಓದೋ ಗೆಳತಿಯೊಬ್ಬಳು ಅವಳ ಮನೆ ಮೈಕ್ರೋಸ್ಕೋಪ್ ತಂದಿದ್ದಳು. ಹುಲ್ಲು ನೆನೆಸಿಟ್ಟ ನೀರಿನ ಒಂದು ಹನಿ. ಪ್ಯಾರಮೀಸಿಯಂ ಚಪ್ಪಲಿ ಆಕಾರದಲ್ಲಿ ಸರ್ರ್ ಅಂತ ಓಡ್ತಿತ್ತು. ಹುಡುಗ ಬಹಳ ಹೊತ್ತು ನೋಡಿದ. ಮೂಗು ಒರೆಸ್ಕೊಂಡು, "ಅಣ್ಣಾ, ಇದಕ್ಕೆ ಕೈ ಇದೆ ಅಲ್ವಾ?" ಅಂದ. ಹೂಂ ಅಂದೆ. "ಎಷ್ಟು?" ಅಂದ. ಒಂದು ಲೋಮಾಂಗದಲ್ಲೇ ಸಾವಿರಾರು, ಅಂಥ ಲೋಮಾಂಗ ಮೈಮೇಲೆ ಸಾವಿರಾರು, ನೀನೇ ಗುಣಿಸು ಅಂದೆ. ಲೆಕ್ಕ ಅಂದ್ರೆ ಆಗದ ಹುಡುಗ ಪೆನ್ಸಿಲ್ ತಗೊಂಡು ಕೂತ.

ಎರಡನೇ ಫೋಟೋ ಅವನು ಬಿಡಿಸಿದ 9+2, ಇವತ್ತು ಬೆಳಗ್ಗೆ. ನನ್ನದಕ್ಕಿಂತ ಚೆನ್ನಾಗಿದೆ, ಬಳೆ ಕೂಡ ಇಟ್ಟಿಲ್ಲ. ಕೈಗಳನ್ನೂ ಬಿಡಿಸಿದಾನೆ, ಕೆಂಪು ಸ್ಕೆಚ್ ಪೆನ್ನಲ್ಲಿ, ಹದಿನೆಂಟೂ ಒಂದೇ ದಿಕ್ಕಿಗೆ. ನಾನು ಎಣಿಸಿದೆ.

ನಾಳೆ ನನಗೆ ಇಂಟರ್ನಲ್ಸ್, ಬಿಸಿನೆಸ್ ಲಾ. ಮುಂದಿನ ಸೀರೀಸ್ ಐರೀನ್ ಮ್ಯಾಂಟನ್ ಬಗ್ಗೆ, ಪರೀಕ್ಷೆ ಮುಗಿದ ಮೇಲೆ.